ಮೇಲಿಂದ ಬೀಳುವ ಇಟ್ಟಿಗೆ

ನಾವು ಕಟ್ಟಡ ಕೆಲಸದವರು. ಗಾರೆ ಕಲಸುತ್ತೇವೆ. ಇಟ್ಟಿಗೆ ಹೊರುತ್ತೇವೆ. ಕೆಳಗೆ ಬಗ್ಗಿ ಕೆಲಸ ಮಾಡುವಾಗ ಮೇಲೆ ಏನು ನಡೀತಿದೆ ಅಂತ ನೋಡೋದೇ ಇಲ್ಲ.

ಒಂದು ಇಟ್ಟಿಗೆ ಸುಮಾರು 3 ಕಿಲೋ ತೂಗುತ್ತದೆ. ಅದು 10 ಮೀಟರ್ ಎತ್ತರದಿಂದ, ಅಂದರೆ ಸುಮಾರು ಮೂರು ಅಂತಸ್ತಿನ ಮೇಲಿಂದ ಜಾರಿತು ಅನ್ನಿ. ನೆಲ ಮುಟ್ಟಲು ಒಂದೂವರೆ ಸೆಕೆಂಡೂ ಬೇಡ. ಆಗ ಅದರ ವೇಗ ಗಂಟೆಗೆ 50 ಕಿಲೋಮೀಟರ್. ಓಡುವ ಬಸ್ಸಿನಷ್ಟು! "ಹುಷಾರ್" ಅಂತ ಕೂಗುವಷ್ಟರಲ್ಲಿ ಬಿದ್ದಾಗಿರುತ್ತದೆ. ಇಟ್ಟಿಗೆಯೇ ಆಗಬೇಕೆಂದಿಲ್ಲ. ಕರಣೆ, ಸುತ್ತಿಗೆ, ಸೆಂಟ್ರಿಂಗ್ ಹಲಗೆಯ ತುಂಡು, ಯಾವುದಾದರೂ ಸಾಕು.

ಯಾಕೆ ಬೀಳುತ್ತವೆ? ಸಾರುವೆಯ ಅಂಚಿನಲ್ಲಿ ಇಟ್ಟಿಗೆ ಪೇರಿಸುತ್ತೇವೆ. ಯಾರದೋ ಕಾಲು ತಗಲುತ್ತದೆ. ಅಂಚಿಗೆ ಗೇಣುದ್ದದ ಹಲಗೆ ಅಡ್ಡ ಕಟ್ಟಿದರೆ ಇಟ್ಟಿಗೆ ಅಲ್ಲೇ ನಿಲ್ಲುತ್ತದೆ. ಅದಕ್ಕೇನು ದೊಡ್ಡ ಖರ್ಚಿಲ್ಲ, ಹಳೇ ಹಲಗೆ ಆದೀತು. ಸಂಜೆ ಆತುರದಲ್ಲಿ ಚೂರುಪಾರು ಕೆಳಕ್ಕೆ ಎಸೆಯುವುದೂ ಉಂಟು. ಅದನ್ನು ಬಾಂಡ್ಲಿಯಲ್ಲಿ ತುಂಬಿ ಹಗ್ಗ ಕಟ್ಟಿ ಇಳಿಸಬೇಕು.

ಹೆಲ್ಮೆಟ್ ಬೇಕೇ ಬೇಕು. ಅದನ್ನು ಕೆಲಸ ಕೊಟ್ಟವರೇ ಕೊಡಬೇಕು, ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ. ಅದರ ಒಳಗಿನ ಪಟ್ಟಿಯೇ ಏಟನ್ನು ತಡೆಯೋದು. ಪಟ್ಟಿ ಕಿತ್ತುಹೋದರೆ ಅದು ಬರೀ ಬೋಗುಣಿ. ಒಮ್ಮೆ ಜೋರಾಗಿ ಏಟು ತಿಂದ ಹೆಲ್ಮೆಟ್ಟನ್ನೂ ಮತ್ತೆ ಹಾಕಬಾರದು. ಆದರೆ ಮೂರು ಅಂತಸ್ತಿನಿಂದ ಇಡೀ ಇಟ್ಟಿಗೆ ಬಿದ್ದರೆ ಹೆಲ್ಮೆಟ್ ಒಂದೇ ಉಳಿಸುತ್ತದೆ ಅಂತ ನಂಬಬೇಡಿ.

ಇನ್ನು ನಮ್ಮ ಹೆಣ್ಣಾಳುಗಳ ಪಾಡು ನೋಡಿ. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಬಾಂಡ್ಲಿ. ಹೆಲ್ಮೆಟ್ ಎಲ್ಲಿ ಹಾಕೋದು? ಹಾಗಾಗಿ ಅವರು ಓಡಾಡುವ ದಾರಿ ಸಾರುವೆಯ ಕೆಳಗೆ ಇರಬಾರದು. ಮೇಲೆ ಕೆಲಸ ನಡೆಯುವ ಕಡೆ ಕೆಳಗೆ ಹಗ್ಗ ಕಟ್ಟಿ ದಾರಿ ಮುಚ್ಚಿ ಅಂತ ಮೇಸ್ತ್ರಿಗೆ ಎಲ್ಲರೂ ಸೇರಿ ಹೇಳೋಣ. ಒಬ್ಬರೇ ಹೇಳಿದರೆ "ನಾಳೆ ಬರಬೇಡ" ಅಂದುಬಿಡ್ತಾರೆ. ಮರಳಿನ ಗುಡ್ಡೆ ಮೇಲೆ ಆಡುವ ಮಕ್ಕಳನ್ನೂ ದೂರ ಕೂರಿಸಬೇಕು.

ತಲೆಗೆ ಏಟು ಬಿದ್ದವರು ಎದ್ದು ಕೂತು "ಏನೂ ಆಗಿಲ್ಲ" ಅನ್ನಬಹುದು. ಹಾಗೇ ಬಿಡಬೇಡಿ. ವಾಂತಿ, ಮಂಪರು, ಕಿವಿ ಮೂಗಲ್ಲಿ ರಕ್ತ ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಕುತ್ತಿಗೆ ಅಲುಗಿಸಬೇಡಿ.

ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿದವರಿಗೆ ಅಪಘಾತಕ್ಕೆ ಪರಿಹಾರ ಉಂಟು. 18ರಿಂದ 60 ವರ್ಷದೊಳಗಿನವರು ಬರೆಸಬಹುದು. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಆ ಲೆಕ್ಕವನ್ನು ಈಗ ನಾವೇ ಬರೆದಿಡಬಹುದಲ್ಲ! ಒಂದು ಪುಸ್ತಕದಲ್ಲಿ ದಿನಾ ತಾರೀಕು, ಊರು, ಮೇಸ್ತ್ರಿಯ ಹೆಸರು ಬರೆಯಿರಿ.