ಬೇಸಿಗೆಯ ವಾರಾಂತ್ಯ ಪ್ರವಾಸ, ದೋಣಿ ಪ್ರಯಾಣ ಮತ್ತು ವನಭೋಜನ: ಹಾಸನ ಜಿಲ್ಲೆಯ ಪ್ರವಾಸಿಗರಿಗೆ ಮಾಹಿತಿ

ಶಾಲಾ ಕಾಲೇಜುಗಳಿಗೆ ರಜೆ ಇರುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ನದೀತೀರ, ಕೆರೆ ಹಾಗೂ ಕ್ಷೇತ್ರಗಳಿಗೆ ಕುಟುಂಬ ಸಮೇತರಾಗಿ ಬರುವವರ ಸಂಖ್ಯೆ ಹೆಚ್ಚುತ್ತದೆ. ಬುತ್ತಿ ಕಟ್ಟಿಕೊಂಡು ಅಥವಾ ಪಾತ್ರೆ ಪಡಗಗಳೊಡನೆ ಹೊರಟು, ಹೊಳೆಯ ದಂಡೆಯಲ್ಲಿ ಅಡುಗೆ ಮಾಡಿ ಉಂಡು, ಅವಕಾಶವಿದ್ದಲ್ಲಿ ಹರಿಗೋಲು ಅಥವಾ ದೋಣಿಯಲ್ಲಿ ಒಂದು ಸುತ್ತು ಬರುವುದು ಈ ಭಾಗದ ಜನರಿಗೆ ಹೊಸದೇನಲ್ಲ. ಇಂತಹ ಎರಡು ದಿನಗಳ ಪ್ರವಾಸವನ್ನು ಯೋಜಿಸುವ ಬಗೆ, ಪಡೆಯಬೇಕಾದ ಅನುಮತಿಗಳು ಹಾಗೂ ಪಾಲಿಸಬೇಕಾದ ಎಚ್ಚರಿಕೆಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

2024ರ ಮೇ ತಿಂಗಳಿನಲ್ಲಿ ಇದೇ ಜಿಲ್ಲೆಯ ಆಲೂರು ತಾಲ್ಲೂಕಿನ ಕೆರೆಯೊಂದರಲ್ಲಿ ಈಜಲು ಇಳಿದ ನಾಲ್ವರು ಬಾಲಕರು ಮೃತಪಟ್ಟರು. ಅದು ಬೇಸಿಗೆ ರಜೆಯ ಕಾಲವಾಗಿತ್ತು. ಮಳೆಗಾಲದ ತುಂಬು ಹೊಳೆಯನ್ನು ಕಂಡು ಎಲ್ಲರೂ ಅಂಜುತ್ತಾರೆ. ಬೇಸಿಗೆಯ ತಗ್ಗಿದ ನೀರನ್ನು ಕಂಡು ಯಾರೂ ಅಂಜುವುದಿಲ್ಲ. ಈ ಧೈರ್ಯವೇ ಅನೇಕ ಅವಘಡಗಳಿಗೆ ಕಾರಣವಾಗುವುದರಿಂದ, ಈ ಮಾಹಿತಿಯ ಹೆಚ್ಚಿನ ಭಾಗವನ್ನು ನೀರಿನ ವಿಷಯಕ್ಕೆ ಮೀಸಲಿಡಲಾಗಿದೆ.

ಎರಡು ದಿನಗಳ ಮಾರ್ಗ

ಮೊದಲನೆಯ ದಿನ: ಬೆಂಗಳೂರು ಕಡೆಯಿಂದ ಬರುವವರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಚನ್ನರಾಯಪಟ್ಟಣವನ್ನು ತಲುಪಿ, ಅಲ್ಲಿಂದ ಸುಮಾರು 12 ಕಿ.ಮೀ. ದೂರದಲ್ಲಿರುವ ಶ್ರವಣಬೆಳಗೊಳಕ್ಕೆ ಹೋಗಬಹುದು. ವಿಂಧ್ಯಗಿರಿಯ ಮೇಲಿರುವ ಸುಮಾರು 58 ಅಡಿ ಎತ್ತರದ ಗೊಮ್ಮಟೇಶ್ವರ ಮೂರ್ತಿಯ ದರ್ಶನಕ್ಕೆ ಆರು ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕಾಗುತ್ತದೆ. ಬೇಸಿಗೆಯಲ್ಲಿ ಬಂಡೆಯು ಬಿಸಿಲಿಗೆ ಕಾದು ಪಾದ ಊರಲು ಕಷ್ಟವಾಗುವುದರಿಂದ ಬೆಳಗಿನ ಹೊತ್ತಿನಲ್ಲಿಯೇ ಬೆಟ್ಟ ಹತ್ತಿ ಇಳಿಯುವುದು ಸೂಕ್ತ. ಸಮಯವಿದ್ದವರು ಇದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ನಿರ್ಮಾಣವಾದ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವನ್ನೂ ನೋಡಬಹುದು. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಸುಮಾರು 38 ಕಿ.ಮೀ. ಇದ್ದು, ರಾತ್ರಿ ಹಾಸನದಲ್ಲಿ ತಂಗಬಹುದು.

ಎರಡನೆಯ ದಿನ: ಹಾಸನದಿಂದ ಬೆಳಿಗ್ಗೆ ಹೊರಟು ಹೇಮಾವತಿ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಮತ್ತು ಗೊರೂರಿನ ಕಡೆಗೆ ಹೋಗಬಹುದು. ಅಲ್ಲಿಂದ ಅರಕಲಗೂಡು ತಲುಪಿ, ಮುಂದೆ ಸುಮಾರು 20 ಕಿ.ಮೀ. ದೂರದಲ್ಲಿ ಕಾವೇರಿ ತೀರದ ರಾಮನಾಥಪುರಕ್ಕೆ ಹೋಗಬಹುದು. ಹಿಂದಿರುಗುವಾಗ ಅರಕಲಗೂಡು ಮಾರ್ಗವಾಗಿ ಹೇಮಾವತಿಯ ದಡದಲ್ಲಿರುವ ಹೊಳೆನರಸೀಪುರಕ್ಕೆ ಬಂದು, ಲಕ್ಷ್ಮೀನರಸಿಂಹಸ್ವಾಮಿ ದೇವಾಲಯವನ್ನು ನೋಡಿ, ಅಲ್ಲಿಂದ ಚನ್ನರಾಯಪಟ್ಟಣ ಅಥವಾ ಮೈಸೂರಿನ ಕಡೆಗೆ ಪ್ರಯಾಣ ಮುಂದುವರಿಸಬಹುದು.

ಪ್ರಯಾಣಕ್ಕೆ ಮುನ್ನ

1. ಚಾಲನಾ ಪರವಾನಗಿ, ವಾಹನದ ನೋಂದಣಿ, ವಿಮೆ ಹಾಗೂ ಹೊಗೆ ತಪಾಸಣೆ ಪ್ರಮಾಣಪತ್ರಗಳು ಚಾಲ್ತಿಯಲ್ಲಿರಬೇಕು. ಡಿಜಿಲಾಕರ್‌ನಲ್ಲಿರುವ ಪ್ರತಿಗಳನ್ನು ತೋರಿಸಿದರೂ ಅವುಗಳಿಗೆ ಮಾನ್ಯತೆ ಇರುತ್ತದೆ.

2. ಚನ್ನರಾಯಪಟ್ಟಣ ಮತ್ತು ಹಾಸನದ ನಡುವೆ ಶಾಂತಿಗ್ರಾಮದಲ್ಲಿ ಟೋಲ್ ಕೇಂದ್ರವಿದೆ. ಫಾಸ್ಟ್ಯಾಗ್ ಖಾತೆಯಲ್ಲಿ ಸಾಕಷ್ಟು ಹಣವಿರುವುದನ್ನು ಮೊದಲೇ ನೋಡಿಕೊಳ್ಳಬೇಕು.

3. ವನಭೋಜನಕ್ಕೆಂದು ಲಗೇಜ್ ಆಟೊ, ಲಾರಿ ಅಥವಾ ಟ್ರ್ಯಾಕ್ಟರ್ ಟ್ರೈಲರ್‌ಗಳಲ್ಲಿ ಜನರನ್ನು ಕರೆದೊಯ್ಯುವುದು ಕಾನೂನಿಗೆ ವಿರುದ್ಧವಾಗಿದೆ. ಅಪಘಾತ ಸಂಭವಿಸಿದಲ್ಲಿ ವಿಮಾ ಪರಿಹಾರ ಪಡೆಯುವುದಕ್ಕೂ ತೊಡಕಾಗುತ್ತದೆ. ಜನ ಹೆಚ್ಚಿದ್ದಲ್ಲಿ ಪ್ರಯಾಣಿಕರ ವಾಹನವನ್ನೇ ಬಾಡಿಗೆಗೆ ಪಡೆಯತಕ್ಕದ್ದು.

4. ರಸ್ತೆಯಲ್ಲಿ ಗಾಯಗೊಂಡವರಿಗೆ ನೆರವಾಗುವವರಿಗೆ ಮೋಟಾರು ವಾಹನಗಳ (ತಿದ್ದುಪಡಿ) ಅಧಿನಿಯಮ, 2019ರ ಮೂಲಕ ಕಾನೂನಿನ ರಕ್ಷಣೆ ನೀಡಲಾಗಿದೆ. ನೆರವಾದವರು ತಮ್ಮ ಹೆಸರು, ವಿಳಾಸ ತಿಳಿಸಲೇಬೇಕೆಂದು ಒತ್ತಾಯಿಸುವಂತಿಲ್ಲ. ಆದುದರಿಂದ ನೆರವಾಗಲು ಹಿಂಜರಿಯುವ ಅಗತ್ಯವಿಲ್ಲ.

ಬೇಸಿಗೆಯ ನೀರು ಏಕೆ ಅಪಾಯಕಾರಿ

ಹೇಮಾವತಿ ನದಿಗೆ ಗೊರೂರಿನ ಬಳಿ ಕಟ್ಟಲಾದ ಅಣೆಕಟ್ಟೆಯು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ನೀರಿನ ಸಂಗ್ರಹ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಮಳೆಗಾಲದಲ್ಲಿ ತುಂಬಿ ವಿಸ್ತಾರವಾಗಿ ಹರಡುವ ಹಿನ್ನೀರು ಬೇಸಿಗೆಯ ವೇಳೆಗೆ ಬಹುದೂರ ಹಿಂದೆ ಸರಿಯುತ್ತದೆ. ಆಗ ಹೊರಬೀಳುವ ನೆಲವು ಸ್ವಾಭಾವಿಕವಾದ ನದೀತೀರವಲ್ಲ. ಒಂದು ಕಾಲದಲ್ಲಿ ಊರು, ಹೊಲ, ತೋಟಗಳಿದ್ದು ಮುಳುಗಿದ ಭೂಮಿ. ಇದನ್ನು ಅರಿತಲ್ಲಿ ಕೆಳಗಿನ ಅಪಾಯಗಳು ತಾವಾಗಿಯೇ ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಹಿನ್ನೀರಿನ ಅಂಚಿನ ಆಳ ಒಂದೇ ಸಮನಾಗಿರುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿರುವವರ ಮುಂದಿನ ಹೆಜ್ಜೆ ಹಳೆಯ ಬಾವಿ, ಕಾಲುವೆ ಅಥವಾ ಹಳ್ಳದ ಪಾತ್ರದ ಮೇಲೆ ಬೀಳಬಹುದು. ಕಲಕಿದ ನೀರಿನಲ್ಲಿ ಇದು ಮೇಲಿನಿಂದ ಕಾಣುವುದಿಲ್ಲ.

ಎರಡನೆಯದಾಗಿ, ವರ್ಷಗಟ್ಟಲೆ ತಳದಲ್ಲಿ ನಿಂತ ಹೂಳು ಮೇಲ್ಭಾಗದಲ್ಲಿ ಒಣಗಿ ಬಿರುಕುಬಿಟ್ಟಿದ್ದರೂ ಒಳಗೆ ಹಸಿಯಾಗಿರುತ್ತದೆ. ಅದರಲ್ಲಿ ಕಾಲು ಹೂತುಹೋದರೆ ಈಜು ಬಲ್ಲವರಿಗೂ ಮೇಲೇಳುವುದು ಕಷ್ಟ.

ಮೂರನೆಯದಾಗಿ, ಅಣೆಕಟ್ಟೆಯ ಕೆಳಭಾಗದಲ್ಲಿ ನದಿಯ ನೀರಿನ ಮಟ್ಟವನ್ನು ನಿರ್ಧರಿಸುವುದು ಸ್ಥಳೀಯ ಮಳೆಯೊಂದೇ ಅಲ್ಲ. ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿ ನೀರನ್ನು ಹೊರಬಿಟ್ಟಾಗ, ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನ ಹೊಳೆಯ ಮಟ್ಟ ಏರಬಹುದು. ರಾಮನಾಥಪುರದಲ್ಲಿಯೂ ಹೀಗೆಯೇ. ಅಲ್ಲಿನ ಕಾವೇರಿಗೆ ಕೊಡಗಿನ ಮಳೆಯ ನೀರು ಮತ್ತು ಹಾರಂಗಿ ಜಲಾಶಯದಿಂದ ಹೊರಬಿಟ್ಟ ನೀರು ಮೇಲಿನಿಂದ ಬಂದು ಸೇರುತ್ತದೆ. ನದಿಯ ನಡುವಿನ ಬಂಡೆಗಳ ಮೇಲೆ ಚಾಪೆ ಹಾಸಿ ಊಟಕ್ಕೆ ಕುಳಿತವರಿಗೆ ದಡದ ಕಡೆಯ ದಾರಿ ಮುಚ್ಚಿಹೋಗುವುದು ತಿಳಿಯುವುದಿಲ್ಲ.

ನಾಲ್ಕನೆಯದಾಗಿ, ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಈ ಕಾಲದಲ್ಲಿ ಮಧ್ಯಾಹ್ನದ ನಂತರ ಗುಡುಗು, ಸಿಡಿಲು ಹಾಗೂ ಬಿರುಗಾಳಿ ಬರುವುದು ಸಾಮಾನ್ಯ. ಬೆಳಿಗ್ಗೆ ಕನ್ನಡಿಯಂತಿದ್ದ ಹಿನ್ನೀರಿನಲ್ಲಿ ಗಾಳಿ ಎದ್ದಾಗ ಅಲೆಗಳು ಏಳುತ್ತವೆ.

ದೋಣಿ ಮತ್ತು ಹರಿಗೋಲು

ಸೇತುವೆಗಳು ಬರುವ ಮುನ್ನ ಹೊಳೆ ದಾಟಲು ಹರಿಗೋಲೇ ಆಧಾರವಾಗಿತ್ತು. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಟಾರು ಬಳಿದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುತ್ತಾರೆ. ಅದು ದುಂಡಗೂ ತಳ ಚಪ್ಪಟೆಯಾಗಿಯೂ ಇರುವುದರಿಂದ ಕಡಿಮೆ ನೀರಿನಲ್ಲಿಯೂ ತೇಲುತ್ತದೆ. ಆದರೆ ಒಂದು ಪಕ್ಕಕ್ಕೆ ಭಾರ ಬಿದ್ದ ಕೂಡಲೇ ವಾಲುತ್ತದೆ. ಗಾಳಿ ಬಂದಾಗ ಸುತ್ತತೊಡಗುತ್ತದೆ. ಆದುದರಿಂದ ದೋಣಿ ಅಥವಾ ಹರಿಗೋಲು ಏರುವವರು ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು.

1. ದೋಣಿ ವಿಹಾರಕ್ಕೆ ಸಂಬಂಧಪಟ್ಟ ಪ್ರಾಧಿಕಾರದ ಅನುಮತಿ ಇರುವ ಸ್ಥಳದಲ್ಲಿ ಮಾತ್ರ ಏರಬೇಕು. ಯಂತ್ರಚಾಲಿತ ದೋಣಿಗಳಿಗೆ ಒಳನಾಡು ನೌಕೆಗಳ ಅಧಿನಿಯಮ, 2021ರ ಪ್ರಕಾರ ನೋಂದಣಿ ಮತ್ತು ಸಮೀಕ್ಷಾ ಪ್ರಮಾಣಪತ್ರ ಅಗತ್ಯವಿದ್ದು, ಅವುಗಳನ್ನು ತೋರಿಸುವಂತೆ ಕೇಳಬಹುದು.

2. ಈಜು ಬಲ್ಲವರೂ ಸೇರಿದಂತೆ ಪ್ರತಿಯೊಬ್ಬರೂ ದಡದಲ್ಲಿಯೇ ಲೈಫ್ ಜಾಕೆಟ್ ಧರಿಸಿ, ಪಟ್ಟಿಗಳನ್ನು ಬಿಗಿದುಕೊಂಡ ನಂತರ ದೋಣಿ ಏರಬೇಕು. ಮಕ್ಕಳಿಗೆ ಅವರ ಅಳತೆಯ ಜಾಕೆಟ್ಟೇ ಇರಬೇಕು. ದೊಡ್ಡ ಜಾಕೆಟ್ ತೊಡಿಸಿದರೆ ಮಗು ಅದರಿಂದ ಜಾರಿ ಕೆಳಗಿಳಿಯುತ್ತದೆ. ಜಾಕೆಟ್ ಇಲ್ಲದಿದ್ದಲ್ಲಿ ಪ್ರಯಾಣವನ್ನು ಕೈಬಿಡತಕ್ಕದ್ದು.

3. ಅಂಬಿಗರು ಹೇಳಿದಷ್ಟೇ ಜನ, ಹೇಳಿದ ಜಾಗದಲ್ಲಿಯೇ ಕೂರಬೇಕು. ಛಾಯಾಚಿತ್ರಕ್ಕಾಗಿ ಎದ್ದು ನಿಲ್ಲುವುದು, ಒಂದೇ ಬದಿಗೆ ಸರಿಯುವುದು, ಹರಿಗೋಲನ್ನು ಬೇಕೆಂದೇ ಸುತ್ತಿಸುವಂತೆ ಒತ್ತಾಯಿಸುವುದು ಸಲ್ಲದು.

4. ದೋಣಿ ಪ್ರಯಾಣವನ್ನು ಮಧ್ಯಾಹ್ನಕ್ಕೆ ಮುನ್ನ ಮುಗಿಸಬೇಕು. ಗುಡುಗು ಕೇಳಿದೊಡನೆ ನೀರಿನಿಂದ ಹೊರಬಂದು, ಒಂಟಿ ಮರದ ಕೆಳಗೆ ನಿಲ್ಲದೆ ಕಟ್ಟಡ ಅಥವಾ ವಾಹನದೊಳಗೆ ಆಶ್ರಯ ಪಡೆಯಬೇಕು. ಸಿಡಿಲಿನ ಮುನ್ಸೂಚನೆಗೆ 'ದಾಮಿನಿ' ಮೊಬೈಲ್ ತಂತ್ರಾಂಶವನ್ನು ಬಳಸಬಹುದು.

5. ಶೆಟ್ಟಿಹಳ್ಳಿಯ ಚರ್ಚ್ 19ನೇ ಶತಮಾನದ ಕಟ್ಟಡವಾಗಿದ್ದು, ವರ್ಷದ ಕೆಲವು ತಿಂಗಳು ಭಾಗಶಃ ನೀರಿನಲ್ಲಿ ನಿಂತು ಶಿಥಿಲಗೊಂಡಿದೆ. ಬೇಸಿಗೆಯಲ್ಲಿ ಅಲ್ಲಿಗೆ ನಡೆದು ಹೋಗಬಹುದಾದರೂ ಗೋಡೆಗಳನ್ನು ಹತ್ತುವುದು, ಅವುಗಳ ನೆರಳಿನಲ್ಲಿ ಅಡುಗೆಗೆ ಕೂರುವುದು ಅಪಾಯಕಾರಿ.

ವನಭೋಜನಕ್ಕೆ ಸ್ಥಳ ಮತ್ತು ಅನುಮತಿ

ಅಡುಗೆಗೆ ಉತ್ತಮವಾದ ಸ್ಥಳವೆಂದರೆ ಖಾಸಗಿ ತೆಂಗಿನ ತೋಟ ಅಥವಾ ಜಮೀನು. ಮಾಲೀಕರ ಒಪ್ಪಿಗೆ ಪಡೆದರೆ ನೆರಳು, ನೀರು ಎರಡೂ ದೊರೆಯುತ್ತವೆ. ಇತರೆ ಸ್ಥಳಗಳಿಗೆ ಸಂಬಂಧಿಸಿದಂತೆ ಕೆಳಕಂಡ ವಿಷಯಗಳನ್ನು ಗಮನಿಸಬೇಕು.

ಅರಣ್ಯ ಪ್ರದೇಶ: ಕರ್ನಾಟಕ ಅರಣ್ಯ ಅಧಿನಿಯಮ, 1963ರ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಬೆಂಕಿ ಕಂಡುಬಂದಲ್ಲಿ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಬಹುದು.

ಅಣೆಕಟ್ಟೆಯ ಆವರಣ: ಹೇಮಾವತಿ ಯೋಜನೆಯು ಕಾವೇರಿ ನೀರಾವರಿ ನಿಗಮದ ವ್ಯಾಪ್ತಿಗೆ ಸೇರಿದೆ. ಅಣೆಕಟ್ಟೆಯ ಆವರಣದ ಪ್ರವೇಶವು ಭದ್ರತಾ ನಿರ್ಬಂಧಗಳಿಗೆ ಒಳಪಟ್ಟಿರುವುದರಿಂದ, ನಿಗಮದ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗಬೇಕು.

ಸಂರಕ್ಷಿತ ಸ್ಮಾರಕಗಳು: ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಒಳಗೆ, ಅನುಮತಿಸಿದ ಜಾಗವನ್ನು ಬಿಟ್ಟು ಬೇರೆಡೆ, ಅಡುಗೆ ಮಾಡುವುದನ್ನೂ ಊಟ ಮಾಡುವುದನ್ನೂ ನಿಯಮಗಳು ನಿಷೇಧಿಸಿವೆ.

ರಾಮನಾಥಪುರ: ಇಲ್ಲಿನ ಕಾವೇರಿಯ ಮಡುವಿನಲ್ಲಿರುವ ಮೀನುಗಳನ್ನು ಭಕ್ತರು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿದ್ದಾರೆ. ಇಲ್ಲಿ ಮೀನು ಹಿಡಿಯುವುದು ನಿಷಿದ್ಧ. ಪಾತ್ರೆ ತೊಳೆದ ಸೋಪಿನ ನೀರು, ಎಣ್ಣೆ ಹಾಗೂ ಪ್ಲಾಸ್ಟಿಕ್ ಚೀಲಗಳು ಹೊಳೆಗೆ ಸೇರದಂತೆ ನೋಡಿಕೊಳ್ಳಬೇಕು.

ಸರ್ಕಾರಿ ಅಥವಾ ಪಂಚಾಯಿತಿ ಜಾಗಕ್ಕೆ ಅನುಮತಿ ಕೋರುವವರು ಸಂಬಂಧಪಟ್ಟ ಕಚೇರಿಗೆ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಮನವಿಯಲ್ಲಿ ಸ್ಥಳ, ದಿನಾಂಕ ಮತ್ತು ವೇಳೆ, ಬರುವವರ ಸಂಖ್ಯೆ, ಒಲೆಯ ವಿಧ (ಸೌದೆ ಅಥವಾ ಗ್ಯಾಸ್), ಜವಾಬ್ದಾರಿ ಹೊರುವವರ ಹೆಸರು ಹಾಗೂ ದೂರವಾಣಿ ಸಂಖ್ಯೆಯನ್ನು ನಮೂದಿಸಿ, ಸ್ವೀಕೃತಿ ಪಡೆದುಕೊಳ್ಳಬೇಕು.

ಅಡುಗೆಯ ವೇಳೆ

ಒಲೆಯ ಸುತ್ತ ಕನಿಷ್ಠ ಹತ್ತು ಅಡಿಗಳಷ್ಟು ನೆಲದಿಂದ ಒಣ ಹುಲ್ಲು, ತರಗು ಮತ್ತು ತೆಂಗಿನ ಗರಿಗಳನ್ನು ತೆಗೆದು, ಗಾಳಿಗೆ ಮರೆಯಾದ ಜಾಗದಲ್ಲಿ ಮೂರು ಕಲ್ಲು ಹೂಡಬೇಕು. ಹೊಳೆಯೊಳಗಿನ ಕಲ್ಲುಗಳನ್ನು ಒಲೆಗೆ ಬಳಸಬಾರದು. ಒಳಗೆ ನೀರು ಹೀರಿದ ಕಲ್ಲು ಕಾದಾಗ ಸಿಡಿಯುವ ಸಂಭವವಿರುತ್ತದೆ. ಒಲೆ ಹೊತ್ತಿಸುವ ಮೊದಲೇ ಎರಡು ಕೊಡ ನೀರನ್ನು ಪಕ್ಕದಲ್ಲಿ ಇಟ್ಟುಕೊಂಡಿರಬೇಕು. ಗ್ಯಾಸ್ ಬಳಸುವವರು ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬಾರದು.

ಬೇಸಿಗೆಯಲ್ಲಿ ಅಡುಗೆ ಬೇಗ ಹಳಸುತ್ತದೆ. ಚಿತ್ರಾನ್ನ, ಬಿಸಿಬೇಳೆ ಬಾತ್‌ಗಳನ್ನು ಸ್ಥಳದಲ್ಲಿಯೇ ಮಾಡಿ ಬಿಸಿಯಿರುವಾಗ ಉಣ್ಣುವುದು ಒಳ್ಳೆಯದು. ತೆಂಗಿನಕಾಯಿ ಚಟ್ನಿಯನ್ನು ಹಿಂದಿನ ರಾತ್ರಿ ಅರೆದು ತರಬಾರದು. ಕುಡಿಯಲು ಹೊಳೆಯ ನೀರನ್ನು ಬಳಸದೆ ಕಾಯಿಸಿದ ನೀರನ್ನು ಮನೆಯಿಂದಲೇ ತರುವುದು ಸೂಕ್ತ.

ಹೊರಡುವ ಮುನ್ನ ಕೆಂಡದ ಮೇಲೆ ನೀರು ಸುರಿದು, ಕದಡಿ, ಮತ್ತೊಮ್ಮೆ ಸುರಿಯಬೇಕು. ಮಣ್ಣು ಮುಚ್ಚಿದ ಮಾತ್ರಕ್ಕೆ ಕೆಂಡ ಆರುವುದಿಲ್ಲ. ಬರಿಗಾಲಿನಲ್ಲಿ ಆಡುವ ಮಕ್ಕಳು ಅದರ ಮೇಲೆ ಕಾಲಿಡುವ ಸಂಭವವಿರುತ್ತದೆ. ಊಟಕ್ಕೆ ಬಾಳೆ ಎಲೆ ಅಥವಾ ಮುತ್ತುಗದ ಎಲೆಯನ್ನು ಬಳಸಬಹುದು. ಪ್ಲಾಸ್ಟಿಕ್ ತಟ್ಟೆ, ಲೋಟ ಮತ್ತು ಕೈಚೀಲಗಳನ್ನು ರಾಜ್ಯದಲ್ಲಿ 2016ರಿಂದಲೇ ನಿಷೇಧಿಸಲಾಗಿದೆ.

ಅಡುಗೆಯ ವೇಳೆಯೇ ಮಕ್ಕಳ ವಿಷಯದಲ್ಲಿ ಅತ್ಯಂತ ಎಚ್ಚರಿಕೆ ಅಗತ್ಯ. ಹಿರಿಯರೆಲ್ಲರೂ ಒಲೆಯ ಬಳಿ ಇರುವಾಗ, ಮಕ್ಕಳನ್ನು ಇನ್ನೊಬ್ಬರು ನೋಡುತ್ತಿದ್ದಾರೆಂದು ಪ್ರತಿಯೊಬ್ಬರೂ ಭಾವಿಸುತ್ತಾರೆ. ಆದುದರಿಂದ ಹಿರಿಯರೊಬ್ಬರಿಗೆ ಬೇರಾವ ಕೆಲಸವನ್ನೂ ಕೊಡದೆ ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ಹೆಸರು ಹಿಡಿದು ವಹಿಸಬೇಕು. ಅರ್ಧ ಗಂಟೆಗೊಮ್ಮೆ ಸರದಿ ಬದಲಿಸಬಹುದು.

ಯಾರಾದರೂ ನೀರಿನಲ್ಲಿ ಮುಳುಗುತ್ತಿದ್ದಲ್ಲಿ

1. ತರಬೇತಿ ಇಲ್ಲದವರು ನೀರಿಗೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು ಮುಳುಗುವುದು ಇಂತಹ ಅವಘಡಗಳಲ್ಲಿ ಮತ್ತೆ ಮತ್ತೆ ಕಂಡುಬರುತ್ತದೆ.

2. ಹಗ್ಗ, ಗಂಟು ಹಾಕಿದ ಸೀರೆ, ಉದ್ದನೆಯ ಬಿದಿರು ಅಥವಾ ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನನ್ನು ಅವರತ್ತ ಎಸೆಯಬೇಕು. ಅಡುಗೆಯ ಸಾಮಾನಿನೊಡನೆ ಒಂದು ಉದ್ದನೆಯ ಹಗ್ಗವನ್ನು ತಪ್ಪದೆ ಒಯ್ಯಬೇಕು.

3. ಕೂಡಲೇ 112 ಅಥವಾ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ, ಹತ್ತಿರದ ಗ್ರಾಮದ ಹೆಸರನ್ನು ತಿಳಿಸಬೇಕು. ಊಟಕ್ಕೆ ಕೂರುವ ಮೊದಲೇ ಆ ಹೆಸರನ್ನು ಕೇಳಿ ತಿಳಿದುಕೊಂಡಿರಬೇಕು.

4. ಮೇಲೆತ್ತಿದವರನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯಲು ಯತ್ನಿಸುವುದು ತಪ್ಪು. ಇದರಿಂದ ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ. ಉಸಿರಾಟ ಇಲ್ಲದಿದ್ದಲ್ಲಿ ಅಂಗಾತ ಮಲಗಿಸಿ, ಮೊದಲು ಬಾಯಿಯ ಮೂಲಕ ಉಸಿರು ನೀಡಬೇಕು. ನಂತರ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿಯ ವೇಗದಲ್ಲಿ ಒತ್ತಬೇಕು. ಪ್ರತಿ 30 ಒತ್ತುವಿಕೆಗೆ 2 ಬಾರಿ ಉಸಿರು ನೀಡುತ್ತಾ, ನೆರವು ಬರುವವರೆಗೂ ಮುಂದುವರಿಸಬೇಕು.

5. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು; ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಹೇಮಾವತಿ ಮತ್ತು ಕಾವೇರಿ ತೀರಗಳ ಸೊಬಗನ್ನು ಸವಿಯಲು ನೀರಿಗೆ ಇಳಿಯಲೇಬೇಕೆಂದಿಲ್ಲ. ದಡದ ನೆರಳಿನಲ್ಲಿ ಉಂಡು, ಹೊತ್ತು ಮುಳುಗುವ ಮುನ್ನ ಹೊರಟು, ಬಂದವರೆಲ್ಲರೂ ಮರಳಿ ಮನೆ ಸೇರಿದಾಗಲೇ ಪ್ರವಾಸವು ಸಾರ್ಥಕವಾಗುತ್ತದೆ. ಹೆಚ್ಚಿನ ಮಾಹಿತಿ ಬಯಸುವವರು ಹಾಸನದಲ್ಲಿರುವ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯನ್ನು ಅಥವಾ ಆಯಾ ತಾಲ್ಲೂಕಿನ ತಹಸೀಲ್ದಾರರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.