ಖರ್ಜೂರದೊಳಗಿನ ರಸದುಂಬಿ

ಜುಲೈ ಬಂತೆಂದರೆ ಗಲ್ಫ್‌ನ ಅಂಗಡಿಗಳಲ್ಲಿ ರುತಬ್ ರಾಶಿ ಬೀಳುತ್ತದೆ. ಡ್ಯೂಟಿ ಮುಗಿಸಿ ಬರುವಾಗ ನಾವೂ ಈ ಮೆತ್ತನೆಯ ಹಸಿ ಖರ್ಜೂರದ ಒಂದು ಡಬ್ಬಿ ತರುತ್ತೇವೆ. ಫ್ರಿಜ್‌ಗೆ ಇಡಲು ಮರೆತರೆ ಹುಳಿ ವಾಸನೆ ಬರುತ್ತದೆ. ಕೆಲವೊಮ್ಮೆ ಹಣ್ಣು ಬಿಡಿಸಿದಾಗ ಎಳ್ಳುಕಾಳಿನಷ್ಟು ದುಂಬಿಯೊಂದು ಹೊರಗೆ ಓಡುತ್ತದೆ.

ಇದು ರಸದುಂಬಿಗಳ ಕುಟುಂಬದ್ದು. ವೈಜ್ಞಾನಿಕ ಹೆಸರು ಕಾರ್ಪೊಫಿಲಸ್ ಹೆಮಿಪ್ಟೆರಸ್. ಉದ್ದ 2ರಿಂದ 4 ಮಿ.ಮೀ., ಕಂದುಗಪ್ಪು ಮೈ, ರೆಕ್ಕೆಯ ಮೇಲೆ ಜೇನುಬಣ್ಣದ ಮಚ್ಚೆ. ಮೇಲಿನ ಗಟ್ಟಿ ರೆಕ್ಕೆ ಎಷ್ಟು ಗಿಡ್ಡವೆಂದರೆ, ತಮ್ಮನ ಅಂಗಿ ತೊಟ್ಟ ಅಣ್ಣನ ಹಾಗೆ ಹೊಟ್ಟೆಯ ತುದಿ ಹೊರಗೇ ಕಾಣುತ್ತದೆ.

ಇದಕ್ಕೆ ಬೇಕಾದದ್ದು ಹುಳಿಯುತ್ತಿರುವ ರಸ. ಬಿರಿದ ಅಥವಾ ನೆಲಕ್ಕೆ ಬಿದ್ದ ಹಣ್ಣಿನ ವಾಸನೆ ಹಿಡಿದು ದೂರದಿಂದ ಹಾರಿಬರುತ್ತದೆ. ಗಂಡುದುಂಬಿ ತಾನೂ ಒಂದು ವಾಸನೆ ಬಿಟ್ಟು ಉಳಿದವನ್ನು ಕರೆಯುತ್ತದೆ. ಮೈಗಂಟಿದ ಯೀಸ್ಟ್ ಹಣ್ಣಿಂದ ಹಣ್ಣಿಗೆ ಹರಡಿ, ಚೆನ್ನಾಗಿದ್ದ ಹಣ್ಣೂ ಹುಳಿಯುತ್ತದೆ. ಹೆಣ್ಣು ಜೀವಮಾನದಲ್ಲಿ ಸಾವಿರದಷ್ಟು ಮೊಟ್ಟೆ ಇಡಬಲ್ಲದು. ಮರಿಹುಳು ಬಿಳಿ, ತಲೆ ಕಂದು, ಬಾಲದಲ್ಲಿ ಎರಡು ಮುಳ್ಳು. ಹಣ್ಣು ತಿಂದು ಬೆಳೆದು, ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಸುಮಾರು 32 ಡಿಗ್ರಿ ಬಿಸಿಯಲ್ಲಿ ಎರಡೇ ವಾರದಲ್ಲಿ ಹೊಸ ದುಂಬಿ ಸಿದ್ಧ. ಚಳಿಯಲ್ಲಿ ಆರು ವಾರ ಬೇಕು. ತೋಟದವರು ಬಿದ್ದ ಹಣ್ಣನ್ನು ಬೇಗ ಹೆಕ್ಕಿಸುವುದು ಇದಕ್ಕೇ.

ಹಾಗೆಂದು ಈ ಜಾತಿಯನ್ನೇ ಬೈಯುವಂತಿಲ್ಲ. ನಮ್ಮೂರ ಗುಡ್ಡದ ಸೀತಾಫಲದ ಹೂವಿಗೆ ಪರಾಗ ಮುಟ್ಟಿಸುವುದು ಇದರ ಸಂಬಂಧಿಕರೇ!

ದುಂಬಿಗೆ ವಿಷವಿಲ್ಲ, ಅದು ಕಚ್ಚುವುದೂ ಇಲ್ಲ. ಔಷಧ ವಿಭಾಗದಲ್ಲಿರುವ ನಮಗೆ ಭಯ ಬೇರೆ. ಖರ್ಜೂರದ ಗೋದಾಮುಗಳಲ್ಲಿ ಹುಳ ಕೊಲ್ಲಲು ಅಲ್ಯುಮಿನಿಯಂ ಫಾಸ್ಫೈಡ್ ಬಳಸುತ್ತಾರೆ. ತರಬೇತಿ ಪಡೆದವರು, ಬಾಗಿಲು ಮುಚ್ಚಿ, ಅಳತೆ ನೋಡಿ. ಅದೇ ಮಾತ್ರೆ ಕದ್ದುಮುಚ್ಚಿ ಮಾರಾಟವಾಗಿ ತಿಗಣೆ ಕೊಲ್ಲಲೆಂದು ನಮ್ಮ ರೂಮುಗಳಿಗೂ ಬರುತ್ತದೆ. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಅನಿಲ ಹೊರಡುತ್ತದೆ. ಗೋಡೆಯ ಬಿರುಕು, ಎಸಿ ಪೈಪಿನ ಸಂದಿಯಲ್ಲಿ ನುಸುಳಿ ಪಕ್ಕದ ಮನೆಯವರನ್ನೂ ಕೊಲ್ಲುತ್ತದೆ. ಅದಕ್ಕೆ ಪ್ರತಿವಿಷ ನಮ್ಮ ಯಾವ ಕಪಾಟಿನಲ್ಲೂ ಇಲ್ಲ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ, ವಾಂತಿ, ಎದೆ ಬಿಗಿತ ಕಂಡರೆ ಎಲ್ಲರೂ ತಕ್ಷಣ ಹೊರಗೆ ಬಂದು ಆಂಬ್ಯುಲೆನ್ಸ್ ಕರೆಯಬೇಕು. ಯಾವ ಮಾತ್ರೆ ಇಟ್ಟಿದ್ದರೆಂದು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಖರ್ಜೂರದ ದುಂಬಿಗಾದರೆ ಫ್ರೀಜರ್ ಸಾಕು. ಮೈನಸ್ 18 ಡಿಗ್ರಿಯಲ್ಲಿ ಎರಡು ಮೂರು ದಿನ ಇಟ್ಟರೆ ಮೊಟ್ಟೆ, ಹುಳು ಎಲ್ಲ ಸಾಯುತ್ತವೆ. ಊರಿಗೆ ಒಯ್ಯುವ ಡಬ್ಬಿಗೂ ಹೀಗೇ ಮಾಡಿ, ಹೊರಗೆ ತೆಗೆದ ಮೇಲೆ ಗಾಳಿಯಾಡದಂತೆ ಮುಚ್ಚಿಡಿ.