ಕಮಲಾಪುರದ ಬಾಳೆ ನೀರು ಕುಡಿಯುವ ಬಗೆ

ಗೊನೆ ಇಳಿಸಿದ ಬಾಳೆಯನ್ನು ಸಂಜೆ ಮೊಣಕಾಲೆತ್ತರಕ್ಕೆ ಕಡಿದು, ಮೋಟಿನ ನಡುವೆ ಬಟ್ಟಲಿನಷ್ಟು ಗುಳಿ ತೋಡಿಡಿ. ಭೂಮಿ ಹಸಿ ಇದ್ದರೆ ಬೆಳಗಾಗುವಷ್ಟರಲ್ಲಿ ಗುಳಿಯಲ್ಲಿ ನೀರು ನಿಂತಿರುತ್ತದೆ. ಚೆಲ್ಲಿದರೆ ಮತ್ತೆ ತುಂಬುತ್ತದೆ. ಮೇಲೆ ಎಲೆ ಇಲ್ಲ, ಹೊಲದಲ್ಲಿ ಮೋಟರ್ ಓಡುತ್ತಿಲ್ಲ. ಅಷ್ಟು ನೀರನ್ನು ಮೇಲಕ್ಕೆ ತಳ್ಳಿದ್ದು ಬೇರು.

ಬೇರಿನ ಜೀವಕೋಶದ ಪೊರೆ ನೀರನ್ನು ಸಲೀಸಾಗಿ ಒಳಗೆ ಬಿಡುತ್ತದೆ, ಉಪ್ಪು ಸಕ್ಕರೆಗಳನ್ನು ತಡೆಯುತ್ತದೆ. ಬೇರು ತನ್ನ ಶಕ್ತಿ ವ್ಯಯಿಸಿ ಪೊಟ್ಯಾಶಿಯಂ, ನೈಟ್ರೇಟ್‌ನಂಥ ಲವಣಗಳನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ. ಒಳಗೆ ಲವಣ ಹೆಚ್ಚಾಯಿತೆಂದರೆ ಮಣ್ಣಿನ ತಿಳಿ ನೀರು ತಾನಾಗಿಯೇ ಆ ಕಡೆ ಹರಿಯುತ್ತದೆ. ಇದೇ ಅಭಿಸರಣೆ. 1748ರಲ್ಲಿ ಫ್ರಾನ್ಸಿನ ನೊಲೆ ಎಂಬ ವಿಜ್ಞಾನಿ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿ ಮುಳುಗಿಸಿದಾಗ, ಒಳಗೆ ನುಗ್ಗಿದ ನೀರಿನಿಂದ ಪೊರೆ ಉಬ್ಬಿ ನಿಂತಿತ್ತು.

ಭೌಗೋಳಿಕ ಸೂಚಿಕೆ ಪಡೆದ, ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆ ಆಳೆತ್ತರ ಮೀರಿ ಬೆಳೆದರೂ ಅದರಲ್ಲಿ ಕಟ್ಟಿಗೆ ಎಂಬುದೇ ಇಲ್ಲ. ಕಾಂಡ ಎಂದು ನಾವು ಕರೆಯುವುದು ಒಂದರ ಮೇಲೊಂದು ಸುತ್ತಿದ ಎಲೆಬುಡಗಳು. ತೂಕದಲ್ಲಿ ಹತ್ತಿರಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ನೀರು. ಗಾಳಿ ತುಂಬಿದ ಟೈರಿನಂತೆ, ನೀರು ತುಂಬಿ ಬಿಗಿದ ಕೋಶಗಳೇ ಆ ಭಾರದ ಗೊನೆಯನ್ನು ಹೊತ್ತಿರುತ್ತವೆ.

ಹಗಲಿನಲ್ಲಿ ಕೆಲಸ ಎಲೆಯದು. ಎಲೆಯಿಂದ ಆವಿಯಾದ ನೀರು ತನ್ನ ಹಿಂದಿನ ನೀರನ್ನು ಎಳೆಯುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಆ ಎಳೆ ಬೇರಿನವರೆಗೂ ಕಡಿಯುವುದಿಲ್ಲ. ಒಂದು ಗ್ರಾಂ ನೀರನ್ನು 0ಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲರಿ ಸಾಕು. ಆವಿಯಾಗಿಸಲು ಅದರ ಐದು ಪಟ್ಟಿಗೂ ಹೆಚ್ಚು ಬೇಕು. ಅಷ್ಟು ಶಾಖವನ್ನು ನೀರು ಹೊತ್ತೊಯ್ಯುವುದರಿಂದಲೇ 42 ಡಿಗ್ರಿಯ ಕಲಬುರಗಿ ಬಿಸಿಲಿನಲ್ಲೂ ಎಲೆ ಬೇಯುವುದಿಲ್ಲ. ನಮ್ಮ ಬೆವರಿನ ಕೆಲಸವೂ ಇದೇ.

ಆದರೆ ಬೇರಿನೊಳಕ್ಕೆ ಬರುವ ಈ ಹರಿವು ತಿರುಗಬಲ್ಲದು. ಯೂರಿಯಾವನ್ನು ಬುಡಕ್ಕೇ ಒತ್ತಾಗಿ ಸುರಿದರೆ ಮಣ್ಣಿನ ನೀರು ಬೇರಿನ ರಸಕ್ಕಿಂತ ಗಟ್ಟಿಯಾಗಿ, ಬೇರಿನೊಳಗಿನ ನೀರೇ ಹೊರಬೀಳುತ್ತದೆ. ಹಸಿ ಭೂಮಿಯಲ್ಲಿ ನಿಂತ ಗಿಡ ಬಾಡಿದರೆ ಮತ್ತೆ ನೀರು ಬಿಡುವ ಮೊದಲು ಗೊಬ್ಬರ ಎಷ್ಟು ಬಿತ್ತು, ಬೋರ್‌ವೆಲ್ ನೀರು ಸವಳಾಗಿದೆಯೇ ಎಂದು ನೋಡಬೇಕು. ನೀರು ಬೇಗ ಇಂಗದ ಎರೆ ಭೂಮಿಯಲ್ಲಿ ಬಸಿಗಾಲುವೆ ಇಲ್ಲದಿದ್ದರೆ ಲವಣ ಅಲ್ಲಿಯೇ ಉಳಿಯುತ್ತದೆ. ಗೊಬ್ಬರವನ್ನು ಕಂತಿನಲ್ಲಿ, ಬುಡದಿಂದ ಗೇಣು ದೂರದಲ್ಲಿ ಕೊಡುವುದು ಲೇಸು.

ಕಲಬುರಗಿ ನಗರದ ಮನೆಗಳ ಆರ್‌ಓ ಯಂತ್ರ ಇದೇ ಹರಿವನ್ನು ಪಂಪಿನ ಒತ್ತಡದಿಂದ ಹಿಂದಕ್ಕೆ ತಿರುಗಿಸುತ್ತದೆ: ಸಿಹಿನೀರು ಪೊರೆ ದಾಟುತ್ತದೆ, ಹೆಚ್ಚಿನ ಲವಣ ಹೊರಬೀಳುವ ನೀರಿನಲ್ಲಿ ಉಳಿಯುತ್ತದೆ. ಆ ನೀರನ್ನು ದಿನವೂ ಹಿತ್ತಲಿನ ಬಾಳೆಗೆ ಬಿಡಬೇಡಿ. ನೆಲ ತೊಳೆಯಲು, ಶೌಚಾಲಯಕ್ಕೆ ಬಳಸಿ.

ನಮ್ಮ ಕರುಳೂ ಬೇರಿನಂತೆಯೇ ನಡೆದುಕೊಳ್ಳುತ್ತದೆ. ವಾಂತಿಭೇದಿಯಲ್ಲಿ ಓಆರ್‌ಎಸ್ ಕೊಡುವುದು ಅದಕ್ಕೇ: ಸಕ್ಕರೆಯ ಜೊತೆ ಸೋಡಿಯಂ ಒಳಗೆ ಹೋಗುತ್ತದೆ, ಅದರ ಹಿಂದೆ ನೀರು. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದೇ ಲೋಟದಲ್ಲಿ ಕದಡಿ ಕುಡಿಸಿದರೆ, ಗಟ್ಟಿಯಾದ ಆ ದ್ರಾವಣ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.